ಇಂಗಿನ ಡಬ್ಬಿಯ ಮಾತ್ರೆಗಳು

ನಾನು ಕಾರ್ಲ್‌ಸ್ಟಾಡ್‌ಗೆ ಓದಲು ಹೋದ ಕಾಲದಲ್ಲಿ ಸ್ವೀಡನ್ನಿನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೂ ಫೀಸು ಇರಲಿಲ್ಲ. ಹಾಗಾಗಿಯೇ ನಮ್ಮಂಥವರೂ ಹೋಗುವಂತಾಯಿತು. ತುಮಕೂರಿನ ನಮ್ಮ ಮನೆಯಲ್ಲಿ ಸೂಟ್‌ಕೇಸು ತುಂಬುವ ದಿನ ಅರ್ಧ ಬೀದಿಯೇ ಬಂದು ಕೂತಿತ್ತು. ಒಬ್ಬರು ಚಟ್ನಿಪುಡಿ ಕಟ್ಟುತ್ತಿದ್ದರು, ಇನ್ನೊಬ್ಬರು ಉಪ್ಪಿನಕಾಯಿ ಶೀಶೆಗೆ ಪ್ಲಾಸ್ಟಿಕ್ ಸುತ್ತುತ್ತಿದ್ದರು, ಉಳಿದವರು ಅಲ್ಲಿನ ಚಳಿಯ ಬಗ್ಗೆ ತಮಗೆ ಗೊತ್ತಿಲ್ಲದ್ದನ್ನೆಲ್ಲ ಹೇಳುತ್ತಿದ್ದರು. ಅಷ್ಟು ಜನರ ಕಣ್ಣೆದುರಿಗೇ ಅಮ್ಮ ನಾಲ್ಕು ದೊಡ್ಡ ಇಂಗಿನ ಡಬ್ಬಿಗಳನ್ನು ಸ್ವೆಟರುಗಳ ನಡುವೆ ಇಟ್ಟಳು. ಯಾರೂ ಕೇಳದಿದ್ದರೂ, "ಇವಳಿಗೆ ಇಂಗಿಲ್ಲದೆ ಸಾರು ಇಳಿಯಲ್ಲ" ಎಂದು ತಾನೇ ಸಮಜಾಯಿಷಿ ಕೊಟ್ಟಳು.

ಆ ಡಬ್ಬಿಗಳಲ್ಲಿ ಇಂಗಿರಲಿಲ್ಲ, ನನ್ನ ಮಾತ್ರೆಗಳಿದ್ದವು. ಹಿಂದಿನ ಮೂರು ದಿನ ಮಧ್ಯಾಹ್ನದ ಹೊತ್ತು ಅಮ್ಮ ರೂಮಿನ ಬಾಗಿಲು ಹಾಕಿಕೊಂಡು ಕೂತು ಒಂದೊಂದು ಮಾತ್ರೆಯನ್ನೂ ಸ್ಟ್ರಿಪ್ಪಿನಿಂದ ಒತ್ತಿ ತೆಗೆದಿದ್ದಳು. ಸ್ಟ್ರಿಪ್ಪಿನ ಮೇಲೆ ಹೆಸರಿರುತ್ತದೆ, ಹೆಸರು ನೋಡಿದರೆ ಯಾವ ಮೆಡಿಕಲ್ ಶಾಪಿನವನಿಗಾದರೂ ರೋಗ ಗೊತ್ತಾಗುತ್ತದೆ, ಅದು ಅವಳ ತರ್ಕ. ಖಾಲಿ ಸ್ಟ್ರಿಪ್ಪುಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ಎರಡು ಬೀದಿ ಆಚೆಯ ಕಸದ ತೊಟ್ಟಿಗೆ ಹಾಕಿ ಬಂದಳು. ಡಾಕ್ಟರು ಬರೆದುಕೊಟ್ಟ ಕಾಗದವನ್ನು ನನ್ನ ಕೈಗೆ ಕೊಡಲೇ ಇಲ್ಲ. "ಯಾರಾದ್ರೂ ನೋಡಿದ್ರೆ?" ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ನನಗೆ ಹನ್ನೆರಡನೇ ವಯಸ್ಸಿನಿಂದ ಫಿಟ್ಸ್ ಇದೆ. ಕೆಳಗೆ ಬಿದ್ದು ಒದ್ದಾಡಿದ್ದು ಮೊದಲ ಒಂದೇ ಸಲ. ಆಮೇಲೆ ಬರುವುದೆಲ್ಲ ಸಣ್ಣ ಪ್ರಮಾಣದ್ದು, ಒಂದೆರಡು ನಿಮಿಷ ನಾನು ಇದ್ದಲ್ಲೇ ಇಲ್ಲವಾಗುತ್ತೇನೆ, ಮತ್ತೆ ಬರುತ್ತೇನೆ, ತಲೆ ಭಾರವಾಗಿರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. "ಅದು ಬಂತಾ?" ಎನ್ನುತ್ತಿದ್ದರು, ಬೇಡದ ನೆಂಟರ ಬಗ್ಗೆ ವಿಚಾರಿಸುವ ಧಾಟಿಯಲ್ಲಿ. ಊರಿನಲ್ಲಿ ಡಾಕ್ಟರಿಗೆ ತೋರಿಸಲಿಲ್ಲ, ಬೆಂಗಳೂರಿಗೆ ಹೋಗಿ ಬರುತ್ತಿದ್ದೆವು. ನನಗೊಬ್ಬ ತಂಗಿ ಇದ್ದಾಳೆ. ಅಕ್ಕನಿಗೆ ಇದ್ದದ್ದು ತಂಗಿಯ ರಕ್ತದಲ್ಲೂ ಇದ್ದೀತು ಎಂದು ಗಂಡಿನ ಕಡೆಯವರು ಹಿಂಜರಿಯುತ್ತಾರೆ ಎಂಬುದು ಅಮ್ಮನ ಭಯ. ನನ್ನ ಮದುವೆಯ ಆಸೆಯನ್ನು ಅವಳು ಆಗಲೇ ಬಿಟ್ಟಿದ್ದಳು ಅಂತ ಕಾಣುತ್ತದೆ, ಅದಕ್ಕೇ ಇರಬೇಕು ಓದಲು ಅಷ್ಟು ದೂರ ಕಳಿಸಿದ್ದು.

ಕಾರ್ಲ್‌ಸ್ಟಾಡ್‌ನಲ್ಲಿ ನಾವು ಮೂವರು ಕನ್ನಡದ ಹುಡುಗಿಯರು ಒಂದು ಫ್ಲ್ಯಾಟಿನಲ್ಲಿದ್ದೆವು. ಮೂರು ಪುಟ್ಟ ರೂಮು, ಒಂದು ಅಡುಗೆಮನೆ. ಜಯನಗರದವಳು ನಮಗಿಂತ ಒಂದು ವರ್ಷ ಮೊದಲು ಬಂದವಳು, ಮನೆಯ ಕಾಂಟ್ರ್ಯಾಕ್ಟ್ ಅವಳ ಹೆಸರಿನಲ್ಲಿತ್ತು. ದಾವಣಗೆರೆಯವಳು ನನ್ನ ಬ್ಯಾಚಿನವಳು. ನಮ್ಮ ಜೊತೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದಳು, ಸಿಟ್ಟೋ ಸಂಕಟವೋ ಆದರೆ ಮಾತ್ರ ಊರಿನ ಮಾತು ಹೊರಬೀಳುತ್ತಿತ್ತು. ಮೊದಲ ವಾರವೇ ಜಯನಗರದವಳು ಮೂವರ ಮನೆಯ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇರ್ಲಿ" ಎಂದಳು.

ಆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಅಷ್ಟು ಚೆನ್ನಾಗಿದ್ದೆವು. ಶನಿವಾರ ಬಿಸಿಬೇಳೆಬಾತು, ಭಾನುವಾರ ಮೂವರ ಬಟ್ಟೆಯನ್ನೂ ಒಟ್ಟಿಗೆ ಹೊತ್ತು ನೆಲಮಾಳಿಗೆಯ ತ್ವೆಟ್‌ಸ್ಟೂಗಕ್ಕೆ. ಇಡೀ ಕಟ್ಟಡಕ್ಕೆ ಒಂದೇ ಬಟ್ಟೆ ಒಗೆಯುವ ಕೋಣೆ ಅದು, ಸಮಯ ಮೊದಲೇ ಬುಕ್ ಮಾಡಬೇಕು. ಮೆಷಿನ್ ತಿರುಗುವಷ್ಟು ಹೊತ್ತು ಅಲ್ಲೇ ಕೂತು ಹರಟುತ್ತಿದ್ದೆವು. ನಾನು ಗುಟ್ಟು ಮುಚ್ಚಿಟ್ಟುಕೊಂಡಿದ್ದೇನೆ ಎಂಬುದು ನನಗೇ ಮರೆತುಹೋಗುತ್ತಿತ್ತು.

ಮರೆಯಲು ಅಮ್ಮ ಬಿಡುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ತಪ್ಪದೆ ಅವಳ ಮಿಸ್ಡ್ ಕಾಲ್ ಬರುತ್ತಿತ್ತು. ಎರಡು ರಿಂಗು, ಕಟ್. ಮಾತ್ರೆ ನುಂಗು ಎಂದು ಅರ್ಥ. ನಾನು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ನುಂಗಿ ಬರುತ್ತಿದ್ದೆ. ನಮ್ಮ ಸಂಜೆ ಏಳು ಅಂದರೆ ಚಳಿಗಾಲದಲ್ಲಿ ತುಮಕೂರಿನಲ್ಲಿ ಹನ್ನೊಂದೂವರೆ. ಒಂಬತ್ತಕ್ಕೆಲ್ಲ ಮಲಗಿಬಿಡುತ್ತಿದ್ದ ಅಮ್ಮ ಆ ಎರಡು ರಿಂಗಿಗಾಗಿ ದಿನವೂ ಎದ್ದು ಕೂತಿರುತ್ತಿದ್ದಳು. ಅದನ್ನೂ ಇಲ್ಲಿ ಹೇಳದಿದ್ದರೆ ಅವಳಿಗೆ ಅನ್ಯಾಯ ಮಾಡಿದಂತಾಗುತ್ತದೆ.

ನವೆಂಬರ್ ಬಂದಮೇಲೆ ಮೂರೂವರೆಗೆಲ್ಲ ಕತ್ತಲು. ನನಗೆ ನಿದ್ದೆ ಕೆಟ್ಟಿತು, ನಿದ್ದೆ ಕೆಟ್ಟರೆ 'ಅದು' ಹೆಚ್ಚುತ್ತದೆ. ಬೆಳಿಗ್ಗೆ ಕಣ್ಣು ಕೆಂಪಾಗಿರುತ್ತಿತ್ತು, ಮಾತು ತೊದಲುತ್ತಿತ್ತು. ಕೇಳಿದರೆ "ತಲೆನೋವು" ಎನ್ನುತ್ತಿದ್ದೆ. ಆ ಇಬ್ಬರು ನನ್ನನ್ನು ನೋಡಿ, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಶುರುವಾಗಿತ್ತು. ನಾನು ಗಮನಿಸಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ಲೈಬ್ರರಿಯಿಂದ ಬಂದಾಗ ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಒಲೆಯ ಮೇಲೆ ಒಗ್ಗರಣೆ ಕಾಣದ ಸಾರು ತಣ್ಣಗಾಗಿತ್ತು. ಮೇಜಿನ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ನನ್ನ ಬಿಳಿ ಮಾತ್ರೆಗಳು. ಸಾರಿಗೆ ಇಂಗು ಮುಗಿದಿತ್ತಂತೆ. ನನ್ನ ರೂಮಿನಲ್ಲಿ ನಾಲ್ಕು ಡಬ್ಬಿ ಇರುವುದು ಅವರಿಗೆ ಗೊತ್ತಿತ್ತು. ಇಂಗು ಕೇಳಿ ತೆಗೆದುಕೊಳ್ಳುವಷ್ಟು ದೂರದವರಾಗಿರಲಿಲ್ಲ ನಾವು.

"ಏನಿದು?" ಎಂದಳು ಜಯನಗರದವಳು.

"ತಲೆನೋವಿನ ಮಾತ್ರೆ."

"ಐನೂರು ತಲೆನೋವಾ?"

ಬೇರೆ ದಿನವಾಗಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

"ಹೆಸರಿಲ್ಲ, ಸ್ಟ್ರಿಪ್ ಇಲ್ಲ, ಪ್ರಿಸ್ಕ್ರಿಪ್ಷನ್ ಇಲ್ಲ. ಇಂಗಿನ ಡಬ್ಬೀಲಿ ಬಚ್ಚಿಟ್ಕೊಂಡು ಬಂದಿದೀಯ. ಯಾವನೋ ದಿನಾ ಎರಡು ರಿಂಗ್ ಕೊಟ್ಟು ಕಟ್ ಮಾಡ್ತಾನೆ, ನೀನು ರೂಮಿಗೆ ಓಡ್ತೀಯ. ಡ್ರಗ್ಸ್ ತಗೋತಿದೀಯ ಅಲ್ವಾ? ನಾವೇನು ಪೆದ್ದರಾ?"

"ಅದು ನಮ್ಮಮ್ಮ" ಎಂದೆ. ಆ ಮಾತು ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು.

ದಾವಣಗೆರೆಯವಳು ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದಳು. "ಹೋದ ವಾರ ತ್ವೆಟ್‌ಸ್ಟೂಗದಾಗ ಏನ್ ಮಾಡ್ದಿ ಗೊತ್ತದನ ನಿನಗ?" ಎಂದಳು. "ಹಾಸಿಗೆ ಬಟ್ಟಿ ಹಿಡ್ಕೊಂಡು ನಿಂತಿದ್ದಿ. ಕರದ್ರ ಓ ಅನ್ನಲಿಲ್ಲ. ಕಣ್ಣು ತೆರೆದೇ ಇತ್ತು. ಏನೋ ತಿನ್ನೋರ ಹಂಗ ಬಾಯಿ ಚಪ್ಪರಸ್ತಿದ್ದಿ, ಬಟ್ಟಿ ಅಂಚು ಹಿಡದು ಎಳೀತಿದ್ದಿ. ಆಮ್ಯಾಲೆ ನನ್ನ ನೋಡಿ, ಯಾರು ನೀನು ಅಂದಿ. ನನಗ ಎಷ್ಟ್ ಹೆದ್ರಿಕಿ ಆತು!"

ನಾನು ಆರೋಪವನ್ನು ಮರೆತು ಅವಳ ಬಾಯನ್ನೇ ನೋಡುತ್ತ ನಿಂತೆ. ಹನ್ನೆರಡು ವರ್ಷಗಳಲ್ಲಿ 'ಅದು' ಬಂದಾಗ ನಾನು ಹೇಗೆ ಕಾಣುತ್ತೇನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಮ್ಮ ಕಣ್ಣೊರೆಸಿಕೊಂಡು ಆಚೆ ಹೋಗುತ್ತಿದ್ದಳು, ತಂಗಿಯನ್ನು ಇನ್ನೊಂದು ರೂಮಿಗೆ ಕಳಿಸುತ್ತಿದ್ದರು. ನಾನು ಬಾಯಿ ಚಪ್ಪರಿಸುತ್ತೇನೆ, ಬಟ್ಟೆಯ ಅಂಚು ಎಳೆಯುತ್ತೇನೆ ಎಂಬುದು ನನಗೆ ಗೊತ್ತಾದದ್ದು ಹೀಗೆ, ಡ್ರಗ್ಸಿನ ಸಾಕ್ಷಿಯಾಗಿ.

ಆಗಲೇ ಹೇಳಿಬಿಡಬಹುದಿತ್ತು, ಒಂದು ಪದ ಸಾಕಿತ್ತು. ಆದರೆ ಜಯನಗರದವಳ ದೊಡ್ಡಮ್ಮ ತುಮಕೂರಿನಲ್ಲಿದ್ದರು, ನಮ್ಮ ಮನೆಯಿಂದ ಬಹಳ ದೂರವೇನಲ್ಲ. ತಂಗಿಯ ಜಾತಕ ಆ ತಿಂಗಳು ಎರಡು ಕಡೆ ಹೋಗಿತ್ತು. "ನನ್ನ ಮೇಲೆ ಆಣೆ" ಎಂದು ಅಮ್ಮ ಏರ್‌ಪೋರ್ಟಿನಲ್ಲಿ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡಿದ್ದಳು. ನಾನು ತಟ್ಟೆಯ ಮಾತ್ರೆಗಳನ್ನು ಮತ್ತೆ ಡಬ್ಬಿಗೆ ತುಂಬತೊಡಗಿದೆ.

"ಸರಿ, ಹಾಗಿದ್ರೆ ಎಲ್ಲಾನೂ ನಮ್ಮೆದುರಿಗೆ ಕಮೋಡಿಗೆ ಹಾಕು, ಫ್ಲಶ್ ಮಾಡು" ಎಂದಳು ಜಯನಗರದವಳು. "ಇಲ್ಲಿ ಪೊಲೀಸ್ ಬಂದ್ರೆ ಕಾಂಟ್ರ್ಯಾಕ್ಟ್ ನನ್ನ ಹೆಸರಲ್ಲಿದೆ. ಮೂರೂ ಜನರ ಪರ್ಮಿಟ್ ಹೋಗತ್ತೆ. ನಮ್ಮಪ್ಪ ಎಷ್ಟು ಕಷ್ಟಪಟ್ಟು ಕಳಿಸಿದಾರೆ ಗೊತ್ತಾ?"

ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ದೊಡ್ಡದು ಬರಬಹುದು, ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ನಾನು ಆಗಲ್ಲ ಎಂದೆ. ಅವರಿಗೆ ಅಷ್ಟು ಸಾಕಾಯಿತು. ಬಿಡಲಾಗದೆ ಇರುವುದೇ ಚಟ ಅಲ್ಲವೇ.

ಆಮೇಲಿನ ವಾರಗಳಲ್ಲಿ ಜಗಳವೇನೂ ಆಗಲಿಲ್ಲ. ಜಗಳವಾದರೂ ಆಡಿದ್ದರೆ ಎಷ್ಟೋ ವಾಸಿಯಿತ್ತು. ಫ್ರಿಜ್ಜಿನಲ್ಲಿ ನನ್ನ ಮೊಸರು ಕೆಳಗಿನ ಖಾನೆಗೆ ಇಳಿಯಿತು. ಕುಕ್ಕರು ಇಬ್ಬರ ಅಳತೆಗೆ ಕೂಗತೊಡಗಿತು. ಅವರಿಬ್ಬರು ತಮ್ಮ ರೂಮುಗಳಿಗೆ ಬೀಗ ಹಾಕಿಕೊಂಡು ಕ್ಲಾಸಿಗೆ ಹೋಗುತ್ತಿದ್ದರು. ನಾನು ಅಡುಗೆಮನೆಗೆ ಬಂದರೆ ಮಾತು ನಿಲ್ಲುತ್ತಿತ್ತು, ನಾನು ಹೊರಟ ಮೇಲೆ ಮತ್ತೆ ಮೆಲ್ಲಗೆ ಶುರುವಾಗುತ್ತಿತ್ತು. ಸಂಕ್ರಾಂತಿಗೆ ಊರಿನ ನದಿಯ ಆಚೆ ದಡದಲ್ಲಿದ್ದ ಒಂದು ಕನ್ನಡ ಕುಟುಂಬದ ಮನೆಗೆ ಎಳ್ಳು ಬೀರಲು ಇಬ್ಬರೂ ಸೀರೆ ಉಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಹೋದರು. ಕೊಬ್ಬರಿ ಹೆಚ್ಚುವ ಸದ್ದನ್ನು ನಾನು ಬೆಳಿಗ್ಗೆಯಿಂದ ನನ್ನ ರೂಮಿನಲ್ಲಿ ಕೇಳುತ್ತಿದ್ದೆ. ಬಾ ಎಂದು ಯಾರೂ ಬಾಗಿಲು ಬಡಿಯಲಿಲ್ಲ.

ನಾನು ಹೊರಗೇ ಹೊತ್ತು ಕಳೆಯುವುದನ್ನು ಕಲಿತೆ. ಕ್ಲಾಸು ಮುಗಿದ ಮೇಲೆ ಲೈಬ್ರರಿ, ಲೈಬ್ರರಿ ಮುಚ್ಚುವ ಮುಂಚೆ ಅಲ್ಲಿನ ಟಾಯ್ಲೆಟ್ಟಿನಲ್ಲಿ ಸಂಜೆಯ ಮಾತ್ರೆ, ಆಮೇಲೆ ಬೇಕೆಂದೇ ಒಂದು ಬಸ್ಸು ಬಿಟ್ಟು ಇನ್ನೊಂದು ಬಸ್ಸು. ಹೆಪ್ಪುಗಟ್ಟಿದ ನದಿಯ ಪಕ್ಕ ನಡೆಯುತ್ತ ಕನ್ನಡದಲ್ಲಿ ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಯಾರಿಗೂ ಅರ್ಥವಾಗುವುದಿಲ್ಲವಲ್ಲ, ಜೋರಾಗಿಯೇ ಬೈದುಕೊಳ್ಳುತ್ತಿದ್ದೆ. ಕ್ಲಾಸಿನ ಸ್ವೀಡಿಷ್ ಹುಡುಗಿಯರು ಫೀಕಾಗೆ ಕರೆದರೆ ಕಾಫಿ ಕುಡಿದು, ಹವೆಯ ಬಗ್ಗೆ ಮಾತಾಡಿ ಬರುತ್ತಿದ್ದೆ. ಒಂಟಿತನ ಅಂದರೆ ಏನು ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ನಮ್ಮ ಭಾಷೆ ಬಾರದವರ ನಡುವೆ ಅಷ್ಟೇನೂ ಒಂಟಿ ಅನ್ನಿಸುತ್ತಿರಲಿಲ್ಲ. ಮನೆಗೆ ಬಂದು ಗೋಡೆಯಾಚೆ ಕನ್ನಡ ಕೇಳಿಸಿದಾಗ ಅನ್ನಿಸುತ್ತಿತ್ತು.

ಫೆಬ್ರವರಿಯ ಒಂದು ಶುಕ್ರವಾರ ಜಯನಗರದವಳು ನನ್ನ ಬಾಗಿಲಿಗೆ ಬಂದು ನಿಂತಳು. "ನಾಳೆ ನಿಮ್ಮಮ್ಮಂಗೆ ಫೋನ್ ಮಾಡ್ತೀವಿ. ನಿನ್ನ ಒಳ್ಳೇದಕ್ಕೇ ಕಣೇ. ನಮ್ಮ ತಂಗಿ ಹೀಗಾಗಿದ್ರೂ ಇದನ್ನೇ ಮಾಡ್ತಿದ್ದೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಅವಳು ಹೋದ ಮೇಲೆ ನನಗೆ ಆದದ್ದು ಸಂತೋಷ. ನಿಜವಾಗಿ ಹೇಳುತ್ತೇನೆ, ತಿಂಗಳುಗಳ ನಂತರ ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ. ಆಣೆ ನನ್ನ ಬಾಯಿ ಕಟ್ಟಿತ್ತು, ಅಮ್ಮನ ಬಾಯನ್ನಲ್ಲ. ಮಗಳ ಮೇಲೆ ಇಂಥ ಅಪವಾದ ಬಂದರೆ ಯಾವ ತಾಯಿ ಸುಮ್ಮನಿರುತ್ತಾಳೆ? ಅಮ್ಮ ಹೇಳುತ್ತಾಳೆ, ಚೆನ್ನಾಗಿ ಬೈಯುತ್ತಾಳೆ, ಇವರಿಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ ಎಂದು ಹಾಸಿಗೆಯಲ್ಲೇ ಆ ದೃಶ್ಯವನ್ನು ಮೂರು ಸಲ ನೋಡಿ ಆನಂದಿಸಿದೆ.

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಫ್ರಿಜ್ಜಿನ ಚೀಟಿ ನೋಡಿ, ಕಾಲಿಂಗ್ ಕಾರ್ಡಿನ ಉದ್ದದ ನಂಬರನ್ನು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಜಯನಗರದವಳು ಬಹಳ ಮರ್ಯಾದೆಯಿಂದ ಎಲ್ಲವನ್ನೂ ಹೇಳಿದಳು. "ಆಂಟಿ, ಬೇಜಾರು ಮಾಡ್ಕೋಬೇಡಿ, ನಾವು ಕಣ್ಣಾರೆ ನೋಡಿದೀವಿ" ಎಂದಳು. ಮಾತ್ರೆಗಳ ವಿಷಯ, ತ್ವೆಟ್‌ಸ್ಟೂಗದ ವಿಷಯ, ಒಂದನ್ನೂ ಬಿಡಲಿಲ್ಲ.

ಆ ಕಡೆ ಅಡುಗೆಮನೆಯ ಮಿಕ್ಸಿ ನಿಂತದ್ದು ಕೇಳಿಸಿತು.

ಆಮೇಲೆ ಅಮ್ಮ, "ಹೂಂ ಕಣಮ್ಮ" ಎಂದಳು. "ನನಗೂ ಅನುಮಾನ ಇತ್ತು. ಸಹವಾಸ ದೋಷ. ಕಾಲೇಜಲ್ಲಿದ್ದಾಗ್ಲೂ ಒಂದ್ಸಲ ಹೀಗೇ ಆಗಿತ್ತು. ನಾನು ಬುದ್ಧಿ ಹೇಳ್ತೀನಿ, ಬಿಡಿಸ್ತೀನಿ. ನಿಮ್ಮನ್ನ ಕೈ ಮುಗಿದು ಕೇಳ್ಕೋತೀನಿ, ಯಾರ ಹತ್ರಾನೂ ಬಾಯಿ ಬಿಡಬೇಡಿ. ಇವಳ ತಂಗಿಗೆ ಗಂಡು ನೋಡ್ತಿದೀವಿ."

ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೇನೆ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದಳೇನೋ. ಜಯನಗರದವಳು ಫೋನಿಟ್ಟು ನನ್ನ ಭುಜದ ಮೇಲೆ ಕೈ ಹಾಕಿದಳು. ನಾನು ಕೈ ಕೊಡವಿ ಎದ್ದು ನಿಂತೆ.

"ನನಗೆ ಫಿಟ್ಸ್ ಇದೆ" ಎಂದೆ. "ಚಿಕ್ಕ ವಯಸ್ಸಿಂದ ಇದೆ. ಅದು ಫಿಟ್ಸಿನ ಮಾತ್ರೆ. ನೀವು ನೋಡಿದ್ದು ಫಿಟ್ಸು."

ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆ ಪದವನ್ನು ಹೊರಗಿನವರ ಎದುರಿಗೆ ಮೊದಲ ಸಲ ಹೇಳಿದ್ದೆ. ಏನೋ ಆಗಿಬಿಡುತ್ತದೆ ಎಂದುಕೊಂಡಿದ್ದೆ, ಏನೂ ಆಗಲಿಲ್ಲ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

"ಯಾಕ ಸುಳ್ಳು ಹೇಳ್ತಿ?" ಎಂದಳು ದಾವಣಗೆರೆಯವಳು ಮೆತ್ತಗೆ. "ನಿಮ್ಮಮ್ಮನೇ ಒಪ್ಕೊಂಡ್ರಲ್ಲ."

ಸಂಜೆ ಏಳಕ್ಕೆ ಫೋನು ಎರಡು ಸಲ ರಿಂಗಾಗಿ ನಿಂತಿತು. ಮಗಳು ಡ್ರಗ್ಸ್ ತಗೋತಾಳೆ ಎಂದು ಒಪ್ಪಿಕೊಂಡ ಅಮ್ಮ ಮಾತ್ರೆ ನೆನಪಿಸುವುದನ್ನು ಮಾತ್ರ ಮರೆತಿರಲಿಲ್ಲ. ನಾನು ರೂಮಿಗೆ ಹೋಗಲಿಲ್ಲ. ಡಬ್ಬಿಯನ್ನು ಅಡುಗೆಮನೆಗೆ ತಂದು, ಇಂಗಿನ ವಾಸನೆ ಹೊಡೆಯುವ ಮಾತ್ರೆಯನ್ನು ಅವರಿಬ್ಬರ ಎದುರಿಗೇ ನೀರು ಕುಡಿದು ನುಂಗಿದೆ. ಅವರು ಮುಖ ತಿರುಗಿಸಿದರು.

ಭಾನುವಾರ ನಾನೇ ಅಮ್ಮನಿಗೆ ಫೋನ್ ಮಾಡಿದೆ, ಬಸ್ ಸ್ಟಾಪಿನಲ್ಲಿ ಹಿಮದ ಮೇಲೆ ನಿಂತು. ಬಾಯಿಗೆ ಬಂದಂತೆ ಬೈದೆ. ಅಮ್ಮ ಎಲ್ಲ ಕೇಳಿಸಿಕೊಂಡಳು.

"ಆ ಹೆಸರು ಇವತ್ತಲ್ಲ ನಾಳೆ ಹೋಗತ್ತೆ ಮಗಳೇ. ಚಟ ಬಿಟ್ಟಳು ಅಂದ್ರೆ ಮುಗೀತು. ಈ ಹೆಸರು ಹೋಗಲ್ಲ. ನಿನ್ನ ಜೊತೆ ನಿನ್ನ ತಂಗಿಗೂ ಅಂಟ್ಕೊಳತ್ತೆ" ಎಂದಳು. ಆಮೇಲೆ, "ಬೆಳಿಗ್ಗೆದು ತಗೊಂಡ್ಯಾ?" ಎಂದಳು.

ಫೋನ್ ಕಟ್ ಮಾಡಿದೆ. ಎಷ್ಟು ಸಿಟ್ಟಿತ್ತೋ ಅಷ್ಟೇ ಅವಳ ಮೇಲೆ ಅಯ್ಯೋ ಅನ್ನಿಸಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ವೋರ್ಡ್‌ಸೆಂಟ್ರಾಲ್‌ಗೆ, ಅಂದರೆ ನಮ್ಮ ಬಡಾವಣೆಯ ಸರ್ಕಾರಿ ಕ್ಲಿನಿಕ್ಕಿಗೆ ಹೋದೆ. ಸ್ವೀಡನ್ನಿಗೆ ಬಂದು ಆರು ತಿಂಗಳಾದರೂ ಆ ಕಡೆ ಸುಳಿದಿರಲಿಲ್ಲ, ರೋಗದ ಹೆಸರು ಹೇಳಬೇಕಾಗುತ್ತದಲ್ಲ ಎಂದು. ನರ್ಸು ನನ್ನ ಪೆರ್ಶೋನ್‌ನುಮ್ಮರ್, ಅಂದರೆ ಅಲ್ಲಿನ ಗುರುತಿನ ನಂಬರನ್ನು, ಟೈಪ್ ಮಾಡಿಕೊಂಡು, ಏನು ತೊಂದರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಶೀತ, ನೆಗಡಿ ಬರೆದುಕೊಳ್ಳುವ ಹಾಗೆ ಬರೆದುಕೊಂಡಳು. ಇಂಗಿನ ಡಬ್ಬಿಯನ್ನು ಮೂಸಿ ನೋಡಿ ಹುಬ್ಬೇರಿಸಿದಳು. ಕೊನೆಯಲ್ಲಿ, ಫಿಟ್ಸ್ ಬಂದಾಗ ಏನು ಮಾಡಬೇಕು ಎಂದು ಜೊತೆಗಿರುವವರಿಗೆ ಗೊತ್ತೇ ಎಂದು ಕೇಳಿದಳು. ಗೊತ್ತು ಎಂದು ಸುಳ್ಳು ಹೇಳಿದೆ.

ದೊಡ್ಡಾಸ್ಪತ್ರೆಯ ಡಾಕ್ಟರನ್ನು ಕಂಡು, ಪರೀಕ್ಷೆಗಳೆಲ್ಲ ಮುಗಿದು, ಹೊಸ ಮಾತ್ರೆಯ ಪೆಟ್ಟಿಗೆ ಕೈಗೆ ಬರುವಾಗ ಮೂರು ವಾರವಾಗಿತ್ತು. ಪೆಟ್ಟಿಗೆಯ ಮೇಲೆ ನನ್ನ ಹೆಸರು, ಮಾತ್ರೆಯ ಹೆಸರು, ಕೆಳಗೆ ಎಪಿಲೆಪ್ಸಿಗೆ ಎಂಬ ಪದ, ಎಲ್ಲ ದಪ್ಪ ಅಕ್ಷರದಲ್ಲಿದ್ದವು. ಅದನ್ನು ತಂದು ಅಡುಗೆಮನೆಯ ಮೇಜಿನ ಮೇಲೆ, ಉಪ್ಪಿನಕಾಯಿ ಶೀಶೆಯ ಪಕ್ಕದಲ್ಲಿ, ಅಕ್ಷರ ಕಾಣುವ ಹಾಗೆ ಇಟ್ಟೆ. ಇಬ್ಬರೂ ಊಟಕ್ಕೆ ಬಂದರು. ಜಯನಗರದವಳು ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಓದಿದಳು, ಇನ್ನೊಮ್ಮೆ ಓದಿದಳು, ದಾವಣಗೆರೆಯವಳಿಗೆ ಕೊಟ್ಟಳು.

ನ್ಯಾಯವಾಗಿ ಹೇಳಬೇಕು, ಇಬ್ಬರೂ ಅತ್ತರು. ಜಯನಗರದವಳು ನನ್ನನ್ನು ತಬ್ಬಿಕೊಂಡು ಹತ್ತು ಸಲ ಸಾರಿ ಕೇಳಿದಳು. ಅವತ್ತು ಕುಕ್ಕರಿಗೆ ಮೂವರ ಅಕ್ಕಿ ಬಿತ್ತು. ಬಡಿಸುವಾಗ ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, ಮನೆಯಲ್ಲಿ ನಾವು ಮೂವರೇ ಇದ್ದರೂ ದನಿ ತಗ್ಗಿಸಿ, "ನೀನೇನೂ ಟೆನ್ಷನ್ ತಗೋಬೇಡ. ನಾವು ಯಾರಿಗೂ ಹೇಳಲ್ಲ. ಪ್ರಾಮಿಸ್" ಎಂದಳು.

"ಹೇಳಿದ್ರೆ ಹೇಳಿ" ಎಂದೆ. "ಅದು ಬಂದಾಗ ಹೆದರ್ಕೋಬೇಡಿ. ಬಿದ್ರೆ ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೇನೂ ಹಾಕ್ಬೇಡಿ, ಪಕ್ಕದಲ್ಲಿ ಕೂತಿರಿ. ಐದು ನಿಮಿಷಕ್ಕಿಂತ ಜಾಸ್ತಿ ಆದ್ರೆ ಆಂಬ್ಯುಲೆನ್ಸ್ ಕರೀರಿ. ಅಷ್ಟೇ."

"ಅಯ್ಯೋ, ಬಿಡ್ತು ಅನ್ನು. ಅದೆಲ್ಲ ಯಾಕೀಗ? ಇನ್ನು ಬರೋದೇ ಇಲ್ಲ ನೋಡು" ಎಂದಳು ದಾವಣಗೆರೆಯವಳು, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತ.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಹುಡುಕಿದರೆ ಮೇಲಿನ ಕಪಾಟಿನಲ್ಲಿ, ಅಕ್ಕಿ ಡಬ್ಬದ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು. "ಭಾನುವಾರ ಆ ಕನ್ನಡ ಫ್ಯಾಮಿಲಿಯವರು ಊಟಕ್ಕೆ ಬರ್ತಾರಲ್ಲ, ಕಣ್ಣಿಗೆ ಬಿದ್ರೆ ಕಷ್ಟ ಅಂತ ತೆಗೆದಿಟ್ಟೆ ಕಣೇ" ಎಂದು ಜಯನಗರದವಳು ಹಲ್ಲುಜ್ಜುತ್ತ ಪ್ರೀತಿಯಿಂದ ಹೇಳಿದಳು. ಇವಳು ಡ್ರಗ್ಸ್ ತಗೋತಾಳೆ ಎಂದಾಗಲೂ ಬಾರದ ಅಳು ನನಗೆ ಆಗ ಬಂತು.